ತಾಯಿಯ ಹೆಸರಿನ ಓಟು

ಶಾಸಕರು ರಾಜೀನಾಮೆ ಕೊಟ್ಟು ತೆರವಾಗಿದ್ದ ಸ್ಥಾನಕ್ಕೆ ಅಂದು ಉಪಚುನಾವಣೆ. ಮಧ್ಯಾಹ್ನ ಹನ್ನೆರಡೂವರೆಗೆ ಮತಗಟ್ಟೆ ಅಧಿಕಾರಿಯ ಲಿಖಿತ ದೂರು ಠಾಣೆಗೆ ಬಂತು. ನಿವೃತ್ತ ಟೆಲಿಫೋನ್ ಆಪರೇಟರ್ ಒಬ್ಬರ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದರು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಮಹಿಳಾ ಕಾನ್‌ಸ್ಟೆಬಲ್ ಒಬ್ಬಳನ್ನು ಕರೆದುಕೊಂಡು ಮತಗಟ್ಟೆಯಿದ್ದ ಶಾಲೆಗೆ ಹೊರಟರು.

ಓಟು ಕಳೆದುಕೊಂಡ ಅಜ್ಜಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಸೊಂಟ ಮುರಿದು ಆಸ್ಪತ್ರೆ ಸೇರಿದ್ದವರು, ಡಾಕ್ಟರ ಬೆನ್ನು ಹತ್ತಿ ಅನುಮತಿ ಪಡೆದು ಬಂದಿದ್ದರು.

"ಗುರುತಿನ ಚೀಟಿ ಎಲ್ಲಿತ್ತಮ್ಮ?" ಇನ್‌ಸ್ಪೆಕ್ಟರ್ ಕೇಳಿದರು.

"ಮನೇಲಿ. ನಾನು ಪೆನ್ಷನ್ ಕಾರ್ಡ್ ತಂದೆ. ಬಂದ ಚುನಾವಣೆ ಒಂದನ್ನೂ ಬಿಟ್ಟವಳಲ್ಲ ನಾನು. ಕಳ್ಳರು ಯಾರು ಅಂತ ಹುಡುಕಿ."

ಮಾಸ್ಕ್ ಹಾಕಿ, ಸೆರಗು ಹೊದ್ದು, ಕೆಮ್ಮುತ್ತ ಬಂದ ಹೆಂಗಸು ಎಂದಷ್ಟೇ ಶಾಯಿ ಹಚ್ಚಿದ ಸಿಬ್ಬಂದಿಗೆ ನೆನಪು. ಪಂಚನಾಮೆ ಬರೆಯುವಾಗ ಕಾನ್‌ಸ್ಟೆಬಲ್ ದನಿ ತಗ್ಗಿಸಿದಳು.

"ಸರ್, ಸುಳ್ಳು ಮತದಾರರು ಬಂದ್ರೆ ತಕರಾರು ಮಾಡ್ಲಿ ಅಂತಾನೇ ಪಕ್ಷದ ಏಜೆಂಟರನ್ನ ಒಳಗೆ ಕೂರಿಸೋದು. ಉಳಿದ ಏಜೆಂಟರು ಬೇರೆ ಬೀದಿಯವರು, ಅಜ್ಜಿ ಗುರುತಿಲ್ಲ. ಆದ್ರೆ ಆ ಮೂಲೇಲಿರೋ ಏಜೆಂಟ್ ಅಜ್ಜಿ ಮಗನೇ. ತಾಯಿ ಹೆಸರು ಕೂಗಿದಾಗ ತುಟಿ ಪಿಟಕ್ ಅಂದಿಲ್ಲ."

"ಬೇಲಿನೇ ಎದ್ದು ಹೊಲ ಮೇಯ್ದಿದೆ ಅನ್ನು."

ಠಾಣೆಗೆ ಬಂದ ಹೊಸದರಲ್ಲಿ ಬಾಯಿ ಬಿಡಲೂ ಹೆದರುತ್ತಿದ್ದವಳು ಇವಳೇ. ಇನ್‌ಸ್ಪೆಕ್ಟರಿಗೆ ಹೆಮ್ಮೆಯೆನಿಸಿತು. ಮುಂದಿನ ವಿಚಾರಣೆಯನ್ನು ಅವಳಿಗೇ ಬಿಟ್ಟರು.

ಅಜ್ಜಿಯ ಮನೆಯಲ್ಲಿ ಸೊಸೆ ಇದ್ದಳು. ಬೆರಳಲ್ಲಿ ಶಾಯಿ, ಉಜ್ಜಿ ಉಜ್ಜಿ ಕೆಂಪಾದ ಚರ್ಮ.

"ಓಟು ಹಾಕಿದ್ರಾ?"

"ಹ್ಞೂಂ."

"ಯಾರ ಹೆಸರಲ್ಲಿ? ನಿಮ್ಮ ಓಟು ಇನ್ನೂ ಬಿದ್ದಿಲ್ಲ."

ಸೊಸೆ ಅತ್ತಳು. ಮೊದಲು ಅತ್ತೆಯದು, ಶಾಯಿ ಅಳಿಸಿಕೊಂಡು ಆಮೇಲೆ ತನ್ನದು ಎಂದು ಗಂಡ ಹೇಳಿಕೊಟ್ಟಿದ್ದನಂತೆ. ಶಾಯಿ ಮಾತ್ರ ಹೋಗಲಿಲ್ಲ.

ವಿಷಯವನ್ನು ಇನ್‌ಸ್ಪೆಕ್ಟರೇ ಅಜ್ಜಿಗೆ ಹೇಳಿದರು. "ನಿಮ್ಮ ಹೇಳಿಕೆ ಇಲ್ದಿದ್ರೆ ಕೇಸು ನಿಲ್ಲೋದು ಕಷ್ಟ. ಯೋಚನೆ ಮಾಡಿ. ಮಗ, ಸೊಸೆ."

ಅಜ್ಜಿ ಕಣ್ಣೊರೆಸಿಕೊಂಡರು. "ಎಲ್ಲಿ ಸೈನ್ ಹಾಕ್ಬೇಕು?"

ಪೆನ್ನು ತೆಗೆದುಕೊಂಡು ಪೂರ್ತಿ ಹೆಸರು ಬರೆದು ಸಹಿ ಹಾಕಿದರು. ಇನ್‌ಸ್ಪೆಕ್ಟರ್ ತಮಗೆ ತಿಳಿಯದೆಯೇ ನೆಟ್ಟಗೆ ನಿಂತಿದ್ದರು.

ಸಂಜೆ ಇಬ್ಬರನ್ನೂ ಬಂಧಿಸಲಾಯಿತು. ಮನೆಯ ಓಟೆಲ್ಲ ನಮ್ಮದೇ ಎಂದು ಮಗ ನಾಯಕರ ಮುಂದೆ ಎದೆ ತಟ್ಟಿಕೊಂಡಿದ್ದ. ವರ್ಷಗಟ್ಟಲೆ ಬ್ಯಾನರ್ ಕಟ್ಟಿದವನಿಗೆ ತಾಯಿಯ ಓಟಿನ ಖಾತ್ರಿಯೇ ಇರಲಿಲ್ಲ. ಜೀಪು ಹತ್ತುವ ಮುನ್ನ ಅವನು ತಾಯಿಯ ಕಡೆ ತಿರುಗಿದ.

"ಯಾರಿಗೆ ಹಾಕ್ತೀಯ ಅಂತ ಒಂದು ಸಲ ಹೇಳಿದ್ರೆ ಇಷ್ಟೆಲ್ಲ ಆಗ್ತಿತ್ತೇನಮ್ಮ?"

"ನಿಮ್ಮಪ್ಪ ಸಾಯೋವರೆಗೂ ಕೇಳಿದ್ರು ಕಣೋ," ಎಂದರು ಅಜ್ಜಿ. "ಅವರಿಗೇ ಹೇಳಲಿಲ್ಲ."