ನಾಲ್ಕನೇ ಟ್ಯಾಂಕಿಯ ಪರ್ಮಿಟ್

2012ರ ಜೂನ್ 14, ಗುರುವಾರ. ಮಧ್ಯಾಹ್ನ ಒಂದೂ ಇಪ್ಪತ್ತಕ್ಕೆ ಮುಂಬೈ ಹತ್ತಿರದ ದಿವಾದ ದಮಯಂತಿ ಡೊಂಬಿವಲಿಯ ಪೊಲೀಸ್ ಠಾಣೆಗೆ ಬಂದಳು. ಅವಳ ಗಂಡ ಚನಿಯ ಕೈಗಾರಿಕಾ ವಸಾಹತಿನ ಸಾಲ್ವೆಂಟ್ ಕಾರ್ಖಾನೆಯಲ್ಲಿ ವೆಲ್ಡರ್. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ನಾಲ್ಕನೇ ಟ್ಯಾಂಕಿ ಸಿಡಿದು ಅವನ ಮುಖ, ಎದೆ, ಎರಡೂ ಕೈ ಸುಟ್ಟಿದ್ದವು.

"ಬೀಡಿ ಹಚ್ಚಿದ ಅಂತ ಕಂಪೆನಿಯವರು ಹೇಳ್ತಿದ್ದಾರೆ ಸಾರ್. ಅವರು ಬೀಡಿ ಮುಟ್ಟಿದವರೇ ಅಲ್ಲ. ಪರ್ಮಿಟ್ ನೋಡಿಯೇ ಕೆಲಸಕ್ಕೆ ಇಳಿದದ್ದು."

ಕಾರವಾರ ಮೂಲದ ಇನ್ಸ್‌ಪೆಕ್ಟರ್ ಹೃಷೀಕೇಶ ದೂರನ್ನು ಕನ್ನಡದಲ್ಲಿ ಕೇಳಿ ಮರಾಠಿಯಲ್ಲಿ ಬರೆಸಿದರು. ಒಂದೂ ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಎರಡೂವರೆಗೆ ಅವರು ಕಾನ್‌ಸ್ಟೆಬಲ್ ಭೋಯಿರ್ ಜೊತೆ ಕಾರ್ಖಾನೆಯಲ್ಲಿದ್ದರು.

ದುರಸ್ತಿಗೆಂದು ಮೂರು ದಿನಗಳ ಹಿಂದೆಯೇ ಟ್ಯಾಂಕಿಯನ್ನು ಖಾಲಿ ಮಾಡಿ ತೊಳೆದಿದ್ದರು. ಅದಕ್ಕೆ ಬೇಗ ಆವಿಯಾಗಿ ಹೊತ್ತಿಕೊಳ್ಳುವ ಸಾಲ್ವೆಂಟ್ ತರುವ ಪೈಪಿನ ವಾಲ್ವ್ ಮುಚ್ಚಿ, ಸರಪಳಿ ಸುತ್ತಿ ಬೀಗ ಹಾಕಿದ್ದರು. ಪಂಚನಾಮೆಯ ವೇಳೆ ಭೋಯಿರ್ ಬೀಗವನ್ನು ಎತ್ತಿ ನೋಡಿದ.

"ಸಾಹೇಬ್, ಬೀಗ ಒಡೆದಿಲ್ಲ. ಆದ್ರೆ ವಾಲ್ವ್ ಎರಡು ಸುತ್ತು ತೆರೆದಿದೆ."

ಯಾರೋ ಬೀಗ ತೆಗೆದು, ವಾಲ್ವ್ ತಿರುಗಿಸಿ, ಮತ್ತೆ ಬೀಗ ಹಾಕಿದ್ದರು. ಕೀಲಿ ಇದ್ದದ್ದು ಇಬ್ಬರ ಬಳಿ. ಒಂದು ಸುರಕ್ಷತಾ ಅಧಿಕಾರಿ ನಿಶ್ಮಿತಾಳದು, ಇನ್ನೊಂದು ಹಿರಿಯ ಆಪರೇಟರ್ ತಾರಾನಾಥರದು. ಅನಿಲವಿಲ್ಲ ಎಂದು ಪರೀಕ್ಷಿಸಿ ವೆಲ್ಡಿಂಗ್ ಪರ್ಮಿಟ್‌ಗೆ ಸಹಿ ಹಾಕಿದವಳು ನಿಶ್ಮಿತಾ.

ಐವತ್ತು ದಾಟಿದ ತಾರಾನಾಥರು ಕಂಟ್ರೋಲ್ ರೂಮಿನಲ್ಲಿ ಕೈಕಟ್ಟಿ ನಿಂತಿದ್ದರು.

"ಬೆಳಿಗ್ಗೆ ಎಲ್ಲಿದ್ದಿರಿ?"

"ಇಲ್ಲೇ ಸಾರ್. ಕುರ್ಚಿಯಿಂದ ಎದ್ದೇ ಇಲ್ಲ. ಹುಡುಗಿ ಓದಿದ್ದಾಳೆ, ಆದ್ರೆ ಪ್ಲಾಂಟ್ ಗೊತ್ತಿಲ್ಲ. ನಾನು ಮೊದಲೇ ಹೇಳಿದ್ದೆ."

ಪಕ್ಕದ ಕೋಣೆಯಲ್ಲಿ ನಿಶ್ಮಿತಾಳ ಕಣ್ಣುಗಳು ಕೆಂಪಾಗಿದ್ದವು. "ತಪ್ಪು ನಂದೇ ಇರಬಹುದು ಸರ್. ತಾರಾನಾಥ ಅಂಕಲ್‌ನ ಏನೂ ಕೇಳಬೇಡಿ. ನನಗೆ ಈ ಜಾಬ್ ಕೊಡಿಸಿದ್ದು ಅವರೇ, ಮೀಟರ್ ಹಿಡಿಯೋದು ಕಲಿಸಿದ್ದೂ ಅವರೇ."

"ಆ ಮೀಟರ್ ಎಲ್ಲಿದೆ?"

ಅನಿಲ ಅಳೆಯುವ ಮೀಟರ್ ಕಂಟ್ರೋಲ್ ರೂಮಿನ ಮೊಳೆಗೆ ತೂಗುತ್ತಿತ್ತು. ಹಳೆಯ ಅಳತೆಗಳೆಲ್ಲ ಅದರ ಮೆಮರಿಯಲ್ಲಿ ಉಳಿಯುತ್ತವೆ ಎಂದು ಆಕೆಯೇ ಒತ್ತಿ ತೋರಿಸಿದಳು. ಒಂಬತ್ತೂ ಹತ್ತಕ್ಕೆ ಸೊನ್ನೆ. ಅದರ ಕೆಳಗೆ ಇನ್ನೊಂದು ಅಳತೆ: ಒಂಬತ್ತೂ ಐವತ್ತೆರಡಕ್ಕೆ ನಲವತ್ತೊಂದು. ಹತ್ತು ದಾಟಿದರೇ ಅಪಾಯ. ಅದನ್ನು ಕಂಡು ಅವಳೇ ಬೆಚ್ಚಿದಳು.

"ಎರಡನೇ ಟೆಸ್ಟ್ ಹತ್ತೂವರೆಗೆ ಇತ್ತು ಸರ್. ಇದು ನಾನು ಮಾಡಿದ್ದಲ್ಲ."

ಒಂಬತ್ತೂ ನಲವತ್ತರಿಂದ ಹತ್ತೂ ಐದರವರೆಗೆ ಅವಳು ಗೇಟಿನ ಕಚೇರಿಯಲ್ಲಿ, ವಿಮಾ ಕಂಪೆನಿಯ ಮೂವರ ಜೊತೆ ಇದ್ದಳು. ಭೋಯಿರ್ ಗೇಟಿನ ರಿಜಿಸ್ಟರ್ ನೋಡಿದ. ಆ ಮೂವರಿಗೂ ಫೋನ್ ಮಾಡಿದ. ಎಲ್ಲರದೂ ಒಂದೇ ಮಾತು.

ಜೂನ್ 16ರ ಬೆಳಿಗ್ಗೆ ಐರೋಲಿಯ ಆಸ್ಪತ್ರೆಯಲ್ಲಿ ವೈದ್ಯರು ಹೃಷೀಕೇಶರಿಗೆ ಐದು ನಿಮಿಷ ಕೊಟ್ಟರು. ಬ್ಯಾಂಡೇಜಿನ ನಡುವೆ ಚನಿಯನ ತುಟಿ ಮಾತ್ರ ಕಾಣುತ್ತಿತ್ತು.

"ಹನ್ನೊಂದಕ್ಕೆ ಶುರು ಮಾಡಬೇಕಿತ್ತು. ಮಳೆ ಬರುವ ಹಾಗಿತ್ತು, ಬೇಗ ಮುಗಿಸುವ ಅಂತ ಹತ್ತಿದೆ. ಪರ್ಮಿಟ್ ಉಂಟಲ್ಲ."

"ಅಲ್ಲಿ ಯಾರಾದರೂ ಇದ್ದರಾ?"

"ತಾರಾನಾಥಣ್ಣ ವಾಲ್ವಿನ ಹತ್ತಿರ ನಿಂತಿದ್ದರು. ನಾನು ಏಣಿ ಹತ್ತುವುದನ್ನು ನೋಡಿದರು. ಏನೂ ಹೇಳಲಿಲ್ಲ."

ಮಧ್ಯಾಹ್ನ ತಾರಾನಾಥರನ್ನು ಠಾಣೆಗೆ ಕರೆಸಲಾಯಿತು. ಹೃಷೀಕೇಶ ಮೀಟರನ್ನು ಮೇಜಿನ ಮೇಲಿಟ್ಟರು.

"ಒಂಬತ್ತೂ ಐವತ್ತೆರಡಕ್ಕೆ ಇದು ಯಾರ ಕೈಯಲ್ಲಿತ್ತು?"

ತಾರಾನಾಥರು ಮೀಟರನ್ನು ಬೆರಳಿನಿಂದ ದೂರ ಸರಿಸಿದರು.

"ನನ್ನ ಕೈಯಲ್ಲೇ. ಗ್ಯಾಸ್ ತುಂಬಿತಾ ಅಂತ ನೋಡಿದೆ. ಹತ್ತೂವರೆಯ ಟೆಸ್ಟಿಗೆ ಎಲ್ಲರೆದುರು ಮೀಟರ್ ಕೂಗಬೇಕಿತ್ತು. ಅವಳ ಸಹಿ ಸುಳ್ಳು ಅಂತ ಆಗಬೇಕಿತ್ತು. ಅಷ್ಟೇ ಸಾರ್. ಯಾರಿಗೂ ಪೆಟ್ಟಾಗಬೇಕು ಅಂತ ಇರಲಿಲ್ಲ."

"ಚನಿಯ ಏಣಿ ಹತ್ತಿದ್ದು ನೋಡಿದಿರಿ."

"ನೋಡಿದೆ."

"ನಿಲ್ಲಿಸಬಹುದಿತ್ತು."

"ನಿಲ್ಲಿಸಿದ್ದರೆ, ಒಳಗೆ ಗ್ಯಾಸ್ ಇದೆ ಅಂತ ನನಗೆ ಹೇಗೆ ಗೊತ್ತು ಅಂತ ಕೇಳ್ತಿದ್ದರು." ಅವರ ದನಿ ಇಳಿಯಿತು. "ಒಂದೆರಡು ನಿಮಿಷ ಯೋಚನೆ ಮಾಡಿದೆ. ಅಷ್ಟರಲ್ಲಿ..."

ಸಂಜೆ ನಾಲ್ಕೂ ಹದಿನೈದಕ್ಕೆ ಬಂಧನ ದಾಖಲಾಯಿತು. ನಿರ್ಲಕ್ಷ್ಯದ ಕಲಮುಗಳ ಜಾಗಕ್ಕೆ ಗಂಭೀರವಾದವು ಬಂದವು. ವಿಷಯ ತಿಳಿದ ನಿಶ್ಮಿತಾ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದಳು: "ನಾನು ಅಂಕಲ್‌ಗೆ ಏನು ಮಾಡಿದ್ದೆ ಸರ್?" ಹೃಷೀಕೇಶ ತಾರಾನಾಥರ ಹೇಳಿಕೆಯನ್ನು ಮತ್ತೆ ತೆರೆದರು.

ಉತ್ತರ ಅದರ ಕೊನೆಯ ಪುಟದಲ್ಲಿತ್ತು. ಹತ್ತೊಂಬತ್ತು ವರ್ಷ ಆ ಕಾರ್ಖಾನೆಯಲ್ಲಿ ಯಾವ ಪೈಪು ಎಲ್ಲಿಗೆ ಹೋಗುತ್ತದೆಂದು ಕೇಳಲು ಎಲ್ಲರೂ ತಾರಾನಾಥರ ಕುರ್ಚಿಯ ಬಳಿ ಬರುತ್ತಿದ್ದರು. ಏಪ್ರಿಲಿನಿಂದ ಅದೇ ಜನ ಆ ಕುರ್ಚಿ ದಾಟಿ ಪಕ್ಕದ ಕೋಣೆಗೆ ಹೋಗತೊಡಗಿದರು. ಆ ಬಾಗಿಲಿಗೆ ನಿಶ್ಮಿತಾಳ ಹೆಸರಿನ ಫಲಕ ಹಾಕಿದ ದಿನ, ನಮ್ಮ ಊರಿನ ಹುಡುಗಿ ಎಂದು ಇಡೀ ಪ್ಲಾಂಟಿಗೆ ಪೇಡಾ ಹಂಚಿದ್ದು ಅವರೇ. ನಾನೂ ಒಂದನ್ನು ಬಾಯಿಗೆ ಹಾಕಿಕೊಂಡೆ, ನುಂಗಲಾಗದೆ ವಾಶ್‌ಬೇಸಿನ್‌ಗೆ ಹೋಗಿ ಉಗಿದು ಬಂದೆ ಎಂದು ಅವರು ಬರೆಸಿದ್ದರು.