ಮೇಲಿನ ಖೋಲಿಯ ಗಾದಿ

"ಈ ಗಾದಿ ತಗೀಬೇಕಾಗ್ತೈತ್ರಿ," ಎಂದಳು ಸುಧಾರಾಣಿ, ಅಂಗೈಯಿಂದ ಹಾಸಿಗೆಯನ್ನು ಒತ್ತಿ ನೋಡುತ್ತ.

ಬಾಗಿಲಲ್ಲಿ ನಿಂತಿದ್ದ ಗುಡುಸಾಬನಿಗೆ ಯಾರೋ ಕೆನ್ನೆಗೆ ಬಾರಿಸಿದಂತಾಯಿತು. ಒಂದು ಕಾಲಕ್ಕೆ ವಿಜಯಪುರದಲ್ಲಿ ಮದುವೆ ಗೊತ್ತಾದರೆ ಜನ ಮೊದಲು ಬರುತ್ತಿದ್ದುದು ಸ್ಟೇಷನ್ ರಸ್ತೆಯ ಅವನ ಗಾದಿ ಅಂಗಡಿಗೆ. ಊರಿನ ಎಷ್ಟೋ ಜೋಡಿಗಳು ಅವನು ಹತ್ತಿ ತುಂಬಿಸಿದ ಗಾದಿಯ ಮೇಲೆಯೇ ಸಂಸಾರ ಹೂಡಿದ್ದವು. ಈಗ ಅಂಗಡಿ ಮಗ ರಿಯಾಜನದು. ಆದರೆ ಹೆಂಡತಿ ನೂರಜಹಾನ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಎಲುಬಿನ ಆಪರೇಷನ್ ಮುಗಿಸಿ ಮನೆಗೆ ಬಂದಾಗ, ಮುದುಕ ಮತ್ತೆ ಸೂಜಿ ಹಿಡಿದು ಕೂತಿದ್ದ. ಚೆನ್ನಾಗಿ ಹಿಂಜಿದ ಹತ್ತಿ ತುಂಬಿ, ಬೆಣ್ಣೆಯಂಥ ಗಾದಿ ಹೊಲಿದು ಕೊಟ್ಟಿದ್ದ. ಈ ಹುಡುಗಿ ಅದನ್ನೇ ತೆಗೆ ಎನ್ನುತ್ತಾಳೆ.

"ಮೆತ್ತಗಿದ್ರ ಛಲೋ ಅಲ್ಲೇನವ್ವಾ?"

"ಮಲಗಾಕ ಛಲೋರಿ ಅಜ್ಜಾರ, ಏಳಾಕ ಅಲ್ಲ. ಅಮ್ಮಾರು ಒಳಗ ಹುಗದ ಹೋಗ್ತಾರ. ಅವರಿಗೆ ಗಟ್ಟಿ ಗಾದಿ ಬೇಕು."

ನೂರಜಹಾನ ಸೆರಗಿನ ತುದಿಯನ್ನು ತುಟಿಗೆ ಒತ್ತಿಕೊಂಡಳು. ನಗು ತಡೆಯುವಾಗ ಅವಳು ಹಾಗೆ ಮಾಡುತ್ತಾಳೆಂದು ಗುಡುಸಾಬನಿಗೆ ಗೊತ್ತು. ಘೋಣಸಗಿಯಿಂದ ಮದುವೆಯಾಗಿ ಬಂದ ದಿನವೂ ಹಾಗೇ ಮಾಡಿದ್ದಳು. ಅವನು ಸಿಟ್ಟು ಬಂದವನಂತೆ ಮುಖ ತಿರುಗಿಸಿದ. ಆದರೆ ಓರೆಗಣ್ಣು ಮಾತ್ರ ಆ ಸೆರಗಿನ ತುದಿಯಲ್ಲೇ ಉಳಿಯಿತು.

ಸುಧಾರಾಣಿ ಹಿರಿಯರ ಮನೆಭೇಟಿ ಯೋಜನೆಯ ಫಿಜಿಯೋಥೆರಪಿಸ್ಟ್. ಬಬಲೇಶ್ವರದ ಹುಡುಗಿ. ಸ್ಕೂಟಿ ಹತ್ತಿ ಊರೂರು ತಿರುಗುತ್ತಾಳೆ. ವಯಸ್ಸಾದವರು ತಮ್ಮ ಮನೆಯಲ್ಲೇ ಬೀಳದೆ ಬದುಕಬೇಕಾದರೆ ಎಲ್ಲಿ ಹಿಡಿಕೆ ಬೇಕು, ಯಾವ ಹೊಸ್ತಿಲು ತೆಗೆಯಬೇಕು ಎಂದು ನೋಡಿ, ಗೌಂಡಿಯನ್ನು ಕರೆತಂದು ಮಾಡಿಸಿಕೊಡುತ್ತಾಳೆ. ಸಿದ್ಧೇಶ್ವರ ಗುಡಿಯ ಹತ್ತಿರದ ಈ ಹಳೆಯ ಮನೆಯಲ್ಲಿ ಬಚ್ಚಲು ಇರುವುದು ಹಿತ್ತಲಿನಲ್ಲಿ, ಎತ್ತರದ ಹೊಸ್ತಿಲು ದಾಟಿ. ನೂರಜಹಾನ ಬಿದ್ದದ್ದೂ ಅಲ್ಲೇ. ಸುಧಾರಾಣಿ ಮನೆಯೆಲ್ಲ ತಿರುಗಿ, ಕೊನೆಗೆ ಒಳಗಿನ ಕಲ್ಲಿನ ಮೆಟ್ಟಿಲುಗಳ ಮುಂದೆ ನಿಂತಳು.

"ಈ ಪಾವಟಿಗಿ ಒಡದ್ರ ಇಲ್ಲೇ ಬಚ್ಚಲಾ, ಕಮೋಡ್ ಎರಡೂ ಆಗ್ತಾವ. ಅಮ್ಮಾರ ಮಂಚಕ್ಕೂ ಸನೇ. ಮ್ಯಾಲಿನ ಖೋಲಿಗೆ ಓಣಿ ಕಡೆಯಿಂದ ಕಬ್ಬಿಣದ ಪಾವಟಿಗಿ ಹಚ್ಚೂಣು."

"ಬ್ಯಾಡ," ಎಂದ ಗುಡುಸಾಬ.

ಎಲ್ಲರೂ ಅವನ ಕಡೆ ತಿರುಗಿದರು.

"ಯಾಕ ಅಬ್ಬಾ?" ಎಂದ ರಿಯಾಜ.

"ಬ್ಯಾಡ ಅಂದ್ರ ಬ್ಯಾಡ."

ಮಗಳು ಸುರೈಯಾ ತಾಯಿಯನ್ನು ನೋಡಲು ತಿಕೋಟಾದಿಂದ ಬಂದಿದ್ದಳು. ಅವಳಿಗೆ ಮಾತು ನುಂಗಿ ಗೊತ್ತಿಲ್ಲ. "ಹಂಗಾದ್ರ ಅಮ್ಮನ್ನ ನಾ ಕರಕೊಂಡ ಹೋಗ್ತೀನಿ. ನಮ್ಮ ಮನ್ಯಾಗ ಬಚ್ಚಲಾ ಒಳಗ ಐತಿ. ನೀವು ನಿಮ್ಮ ಪಾವಟಿಗಿ ಕಾಯ್ಕೊಂಡ ಕುಂದರ್ರಿ."

ಬರುವ ಗುರುವಾರ ಗೌಂಡಿಯ ಜೊತೆ ಬರುತ್ತೇನೆ, ಅಷ್ಟರಲ್ಲಿ ಮಾತಾಡಿಕೊಳ್ಳಿ ಎಂದು ಹೇಳಿ ಸುಧಾರಾಣಿ ಹೊರಟಳು. ಗುಡುಸಾಬ ಮಾತಾಡುವುದು ಬಿಟ್ಟು ಮೆಟ್ಟಿಲು ಹತ್ತಿ ಹೋಗಿಬಿಟ್ಟ.

ಆ ಮೆಟ್ಟಿಲಿನ ಮೇಲೆ ಅವನಿಗೇನು ಪ್ರೀತಿ? ಹೇಳಿದರೆ ನಗುತ್ತಾರೆ.

ಮೇಲಿನ ಖೋಲಿ ಅವರಿಬ್ಬರದು, ಮದುವೆಯಾದಾಗಿನಿಂದ. ನೂರಜಹಾನ ಬಿದ್ದ ಮೇಲೆ ಅವಳ ಹಾಸಿಗೆ ಕೆಳಗೆ, ಮಗ-ಸೊಸೆಯ ಕೋಣೆಗೆ ಬಂತು. ರಾತ್ರಿ ಅವಳನ್ನು ಎಬ್ಬಿಸಿ ಕೂರಿಸಲು ಸೊಸೆ ತರನ್ನುಮ ಅದೇ ಅಗಲ ಮಂಚದ ಇನ್ನೊಂದು ಬದಿಗೆ ಮಲಗುತ್ತಾಳೆ. ರಿಯಾಜ ಪಡಸಾಲೆಯ ಬೆಂಚಿಗೆ ಬಂದ. ಗುಡುಸಾಬ ಮೇಲೆ ಒಬ್ಬನೇ ಉಳಿದ. ಸೊಸೆ ಮಲಗಿದ ಕೋಣೆಗೆ ಮಾವ ಕಾಲಿಡುವಂತಿಲ್ಲ. ನಾನೇ ಇಲ್ಲಿ ಮಲಗುತ್ತೇನೆ, ನೀನೇಳು ಎಂದು ಸೊಸೆಗೆ ಹೇಳಲು, ಎಪ್ಪತ್ತು ದಾಟಿದ ಮನುಷ್ಯನಿಗೆ ನಾಲಿಗೆ ಹೊರಳಬೇಕಲ್ಲ!

ಹಾಗಾಗಿ ಅವನು ಖೋಲಿಯ ಬಾಗಿಲು ತೆರೆದೇ ಮಲಗುತ್ತಿದ್ದ. ಮೆಟ್ಟಿಲುಗಳ ಸಂದಿಯಿಂದ ಅವಳ ಕೆಮ್ಮು ಬರುತ್ತಿತ್ತು, ಬಳೆಯ ಸದ್ದು ಬರುತ್ತಿತ್ತು. ಒಮ್ಮೊಮ್ಮೆ ಗೊರಕೆಯೂ ಬರುತ್ತಿತ್ತು. ಜೀವಮಾನವಿಡೀ ಆ ಗೊರಕೆಯನ್ನು ಬೈದವನು ಈಗ ಅದಕ್ಕಾಗಿ ಕಿವಿಗೊಟ್ಟು ಕೂರುತ್ತಿದ್ದ. ಮೆಟ್ಟಿಲು ಒಡೆದು ಗೋಡೆ ಕಟ್ಟಿದರೆ ಅದೂ ಹೋಯಿತು. ಒಡೆಯದಿದ್ದರೆ ಅವಳೇ ತಿಕೋಟಾಕ್ಕೆ ಹೋಗುತ್ತಾಳೆ.

ಆ ವಾರವೆಲ್ಲ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಡಿಗೆ ಹೋದ, ಕೂತ ಜಾಗ ಬಿಸಿಯಾಗುವ ಮೊದಲೇ ಎದ್ದು ಬಂದ. ಮೇಲೆ ಹತ್ತಿದ, ಚಷ್ಮಾ ಮರೆತೆನೆಂದು ಇಳಿದ. ಮತ್ತೆ ಹತ್ತಿದ, ನೀರಿಗೆಂದು ಇಳಿದ. ಪ್ರತಿ ಸಲವೂ ಹೆಂಡತಿಯ ಕೋಣೆಯ ಬಾಗಿಲಲ್ಲಿ ಒಂದು ಗಳಿಗೆ ಹೆಚ್ಚೇ ನಿಂತ.

"ಚಷ್ಮಾ ನಿಮ್ಮ ಕಿಸೇದಾಗ ಐತ್ರಿ," ಎಂದಳು ನೂರಜಹಾನ ಒಮ್ಮೆ, ಬೆಳ್ಳುಳ್ಳಿ ಸುಲಿಯುತ್ತ.

ಮಧ್ಯಾಹ್ನ. ಮನೆಯಲ್ಲಿ ಸದ್ದಿರಲಿಲ್ಲ. ಅವನು ಕಿಸೆ ಮುಟ್ಟಿ ನೋಡಿಕೊಂಡು, ಪೆಚ್ಚಾಗಿ ಹೊಸ್ತಿಲಲ್ಲೇ ನಿಂತ. ಅವಳು ತಲೆಯೆತ್ತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಈ ಸಲ ಸೆರಗು ತುಟಿಗೆ ಹೋಗಲಿಲ್ಲ.

"ಒಂದು ಕೇಳ್ಲೇನು? ನನಗ ಬಚ್ಚಲಾ ಆಗೂದಕ್ಕಿಂತ ನಿಮಗ ಆ ಪಾವಟಿಗಿ ಹೆಚ್ಚಾತೇನು?"

"ಹಂಗಲ್ಲ..."

"ಮತ್ತ ಹೆಂಗ? ಮ್ಯಾಲ ಒಬ್ಬರ ಆರಾಮ ಅದೀರಿ. ನನ್ನ ಗೊರಕಿ ಕಾಟ ಇಲ್ಲ. ಇರ್ರಿ. ಅದಕ್ಕ ನಾ ಬ್ಯಾಡ ಅನ್ನಂಗಿಲ್ಲ."

ಗುಡುಸಾಬನ ಗಂಟಲಿನವರೆಗೆ ಮಾತು ಬಂತು. ಅಷ್ಟರಲ್ಲಿ ತರನ್ನುಮ ಚಹಾದ ತಟ್ಟೆ ಹಿಡಿದು ಒಳಗೆ ಬಂದಳು. "ಮಾಮಾ, ನೀವೂ ಇಲ್ಲೇ ಅದೀರೇನು? ತಗೋರಿ." ಅವನು ನಿಂತೇ ಚಹಾ ಕುಡಿದ. ಬಾಯಿ ಸುಟ್ಟಿತು. ಮಾತನ್ನೂ ಅದರ ಜೊತೆಗೇ ನುಂಗಿದ.

ಮರುದಿನ ನೂರಜಹಾನ ಸುರೈಯಾಗೆ ತಾನೇ ಫೋನ್ ಮಾಡಿ, ಗುರುವಾರ ಬಂದು ಕರೆದುಕೊಂಡು ಹೋಗು ಎಂದಳು. ಆಕೆಗೆ ನೋವಾಗಿತ್ತು. ಇಷ್ಟು ವರ್ಷ ಬಾಳಿದ ಗಂಡ ತನಗಿಂತ ಒಂದು ಖೋಲಿಯನ್ನು ಹೆಚ್ಚು ಮಾಡಿದ ಎಂದುಕೊಂಡರೆ ಯಾರಿಗೆ ನೋವಾಗುವುದಿಲ್ಲ?

ಗುರುವಾರ ಬಂತು. ಬಾಗಿಲಲ್ಲಿ ಸುರೈಯಾ ತಂದ ಕಾರು ನಿಂತಿತ್ತು, ಒಳಗೆ ನೂರಜಹಾನಳ ಬಟ್ಟೆಯ ಚೀಲ ಸಿದ್ಧವಾಗಿತ್ತು. ಮಾಳು ಗೌಂಡಿ ಸುತ್ತಿಗೆ ಪಕ್ಕಕ್ಕಿಟ್ಟು, ಕೆಲಸ ಐತೋ ಇಲ್ಲೋ ತಿಳಿಯದೆ ಪಡಸಾಲೆಯಲ್ಲಿ ಕೂತಿದ್ದ. ಗುಡುಸಾಬ ಮೆಟ್ಟಿಲಿನ ನಡುವೆ ಕೂತಿದ್ದ. ಮೇಲೆಯೂ ಇಲ್ಲ, ಕೆಳಗೂ ಇಲ್ಲ.

"ಕರಕೊಂಡ ಹೋಗೂದಾದ್ರ, ಅಮ್ಮಾರನ್ನ ಎಬ್ಬಸೂದು ಕಲ್ಕೊಂಡ ಹೋಗ್ರಿ," ಎಂದಳು ಸುಧಾರಾಣಿ, ಸುರೈಯಾಗೆ. "ಕೈ ಹಿಡದು ಜಗ್ಗಬ್ಯಾಡ್ರಿ. ಮುಂದ ಸನೇ ನಿಂದರ್ರಿ. ಮೊಣಕಾಲ ಸ್ವಲ್ಪ ಮಡಚ್ರಿ. ನಿಮ್ಮ ಎರಡೂ ಕೈ ಅವರ ಬೆನ್ನ ಹಿಂದ. ಅವರ ಕೈ ನಿಮ್ಮ ಹೆಗಲ ಮ್ಯಾಲ. ಮೂರು ಎಣಿಸಿ ಇಬ್ಬರೂ ಕೂಡೇ ಏಳೂದು."

ಸುರೈಯಾ ಅವಸರದವಳು. ಎರಡು ಎನ್ನುವಷ್ಟರಲ್ಲೇ ಎತ್ತಲು ಹೋದಳು. ನೂರಜಹಾನ "ಯವ್ವಾ!" ಎಂದು ಮತ್ತೆ ಮಂಚಕ್ಕೆ ಕುಸಿದಳು.

ಆ ಕೂಗಿಗೆ ಗುಡುಸಾಬ ಎದ್ದ. ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಮೆಟ್ಟಿಲಿಳಿದು, ಈ ದಿನಗಳಲ್ಲಿ ಒಮ್ಮೆಯೂ ದಾಟದ ಆ ಹೊಸ್ತಿಲು ದಾಟಿ, ಮಂಚದ ಮುಂದೆ ಬಂದು ನಿಂತ.

"ನನಗ ಕಲಸವ್ವಾ."

ತರನ್ನುಮಳ ಬಾಯಿ ತೆರೆದೇ ಉಳಿಯಿತು.

"ನಿಮ್ಮ ಬೆನ್ನ ಹೆಂಗೈತ್ರಿ ಅಜ್ಜಾರ?"

"ಹತ್ತಿ ಅಂಡಿಗಿ ಹೊತ್ತ ಬೆನ್ನ ಐತಿ. ಹೇಳು, ಎಲ್ಲಿ ಹಿಡೀಬೇಕು."

ಹೇಳಿದ್ದೇನೋ ಹೇಳಿದ. ಆದರೆ ಹೆಂಡತಿಯ ಎದುರು ಮೊಣಕಾಲು ಮಡಚಿ ನಿಂತಾಗ ಕಿವಿಯ ತುದಿ ಕೆಂಪಾಯಿತು. ನಾಲ್ಕು ಜನರೆದುರು ಅವನು ಅವಳ ಕೈ ಮುಟ್ಟಿದವನಲ್ಲ. ಹೆಸರು ಹಿಡಿದು ಕರೆದವನೂ ಅಲ್ಲ. ಮಂದಿಯೆದುರು ಆಕೆ ಯಾವತ್ತೂ 'ರಿಯಾಜನ ಅಮ್ಮ'. ಈಗ ಮಗ, ಮಗಳು, ಸೊಸೆ, ಬಾಗಿಲಾಚೆ ಗೌಂಡಿ, ಎಲ್ಲರೂ ನೋಡುತ್ತಿದ್ದಾರೆ.

"ಇನ್ನೂ ಸನೇ ಬರ್ರಿ," ಎಂದಳು ಸುಧಾರಾಣಿ. "ಕೈ ಬೆನ್ನ ಹಿಂದ ಪೂರಾ ಹೋಗಬೇಕು."

ಅವನ ಕೈಗಳು ಅವಳ ಬೆನ್ನನ್ನು ಬಳಸಿದವು. ಎಷ್ಟು ಬಡವಾಗಿದ್ದಾಳೆ ಎಂದು ಅವನಿಗೆ ಆಗ ತಿಳಿಯಿತು. ನೂರಜಹಾನ ಮೆಲ್ಲಗೆ ಅವನ ಹೆಗಲ ಮೇಲೆ ಕೈಯಿಟ್ಟಳು. ಅವಳ ಕಣ್ಣು ಅವನ ಅಂಗಿಯ ಗುಂಡಿಯ ಮೇಲಿತ್ತು. ಮೇಲೆ ನೋಡಲು ನಾಚಿಕೆ.

"ಮಕ್ಕಳು ನೋಡಾಕತ್ತಾರ್ರಿ," ಎಂದಳು ಪಿಸುಮಾತಿನಲ್ಲಿ.

"ನೋಡ್ಲಿ."

"ನಿಮ್ಮ ಕೈ ನಡಗಾಕತ್ತಾವ."

"ನಿದ್ದಿ ಇಲ್ಲ. ಅದಕ್ಕ."

"ಯಾಕ ಇಲ್ಲ? ಮ್ಯಾಲ ಆರಾಮ..."

"ಎಲ್ಲಿ ಆರಾಮ? ನಿನ್ನ ಗೊರಕಿ ಕೇಳದ ನನಗ ಕಣ್ಣ ಮುಚ್ಚವಲ್ದು, ನೂರಿ. ಆ ಪಾವಟಿಗಿ ಹಾದು ನಿನ್ನ ಸಪ್ಪಳ ಬರ್ತಿತ್ತು. ಅದಕ್ಕ ಒಡೀಬ್ಯಾಡ ಅಂದೆ. ಸಾಕೇನು?"

ಪಿಸುಮಾತಿನಲ್ಲೇ ಹೇಳಬೇಕೆಂದುಕೊಂಡಿದ್ದ. ಆದರೆ ಇಷ್ಟು ದಿನ ನುಂಗಿದ ಮಾತು, ಇಡೀ ಕೋಣೆಗೆ ಕೇಳುವಂತೆ ಬಂತು.

ನೂರಜಹಾನ ತಲೆಯೆತ್ತಿದಳು. ಕಣ್ಣಲ್ಲಿ ನೀರು ತುಂಬಿತ್ತು, ತುಟಿಯಲ್ಲಿ ನಗು ತುಂಬಿತ್ತು. ಸೆರಗು ಒತ್ತಿಕೊಳ್ಳಲು ಕೈ ಖಾಲಿ ಇರಲಿಲ್ಲ, ಹಾಗಾಗಿ ಆ ನಗು ಎಲ್ಲರಿಗೂ ಕಂಡಿತು.

"ಎಣಸ್ರಿ," ಎಂದಳು ಸುಧಾರಾಣಿ.

ಒಂದು, ಎರಡು, ಮೂರು. ಇಬ್ಬರೂ ಕೂಡಿ ಎದ್ದರು. ಒಂದು ಚೂರೂ ನೋವಾಗದಂತೆ ನೂರಜಹಾನ ನಿಂತಿದ್ದಳು.

"ಇನ್ನ ಬಿಡ್ರಿ ಅಜ್ಜಾರ. ವಾಕರ್ ಕೊಡ್ತೀನಿ."

ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೇಳದಂತಿದ್ದನೋ. ಸುಧಾರಾಣಿ ಇನ್ನೊಮ್ಮೆ ಹೇಳಿ, ಆಮೇಲೆ ವಾಕರನ್ನು ಅವರ ಪಕ್ಕದಲ್ಲೇ ಇಟ್ಟಳು. ಸುರೈಯಾ ಮೂಗೊರೆಸಿಕೊಂಡು, ತಾಯಿಯ ಬಟ್ಟೆಯ ಚೀಲವನ್ನು ತಾನೇ ಬಿಚ್ಚತೊಡಗಿದಳು.

ಸ್ವಲ್ಪ ಹೊತ್ತಿಗೆ ಗುಡುಸಾಬ ಮೆಟ್ಟಿಲು ಹತ್ತಿ ಹೋದ. ಈ ಸಲ ಯಾವ ನೆಪವೂ ಇರಲಿಲ್ಲ. ಇಳಿದು ಬಂದಾಗ ಹೆಗಲ ಮೇಲೆ ಸುರುಳಿ ಸುತ್ತಿದ ಗಾದಿ. ಹಿಡಿಯಲು ಹೋದ ರಿಯಾಜನನ್ನು ಬದಿಗೆ ಸರಿಸಿ, ಮೆತ್ತನೆಯ ಗಾದಿ ತೆಗೆದು, ಇದನ್ನು ತಾನೇ ಮಂಚದ ಮೇಲೆ ಬಿಡಿಸಿದ. ತಮ್ಮ ಮದುವೆಗೆಂದು ತಾನೇ ಹೊಲಿದದ್ದು. ಮೂರು ವರ್ಷಕ್ಕೊಮ್ಮೆ ಹತ್ತಿ ಹಿಂಜಿಸಿ ಎಂದು ಊರಿಗೆಲ್ಲ ಹೇಳಿದ ಮನುಷ್ಯ ಇದನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಹತ್ತಿ ಕೂತು ಕೂತು ಹಲಗೆಯಾಗಿತ್ತು.

ಸುಧಾರಾಣಿ ಅಂಗೈಯಿಂದ ಒತ್ತಿ ನೋಡಿದಳು.

"ಇದು ಬರೊಬ್ಬರಿ ಐತ್ರಿ," ಎಂದಳು. "ಇಬ್ಬರಿಗೂ ಸಾಲ್ತೈತಿ."

ತರನ್ನುಮ ತನ್ನ ದಿಂಬು ಎತ್ತಿಕೊಂಡು ಹೊರಟಳು. ಹೋಗುತ್ತ ಗಂಡನ ಕಡೆ ಒಂದು ನೋಟ ಎಸೆದಳು ನೋಡಿ, ರಿಯಾಜ ಪಡಸಾಲೆಯ ಬೆಂಚಿನಿಂದ ತನ್ನ ಹಾಸಿಗೆ ಸುತ್ತಿಕೊಂಡು ದಡದಡ ಮೇಲಿನ ಖೋಲಿಗೆ ಓಡಿದ.

"ಲೇ, ಇಳದ ಬಾ ಮೊದ್ಲ, ಇಲ್ಲಂದ್ರ ಮ್ಯಾಲ ಸಿಕ್ಕೊಂತೀ!" ಎಂದು ಸುರೈಯಾ ಕೂಗಿದಳು. ಎಲ್ಲರೂ ನಕ್ಕರು.

ಮಾಳು ಸುತ್ತಿಗೆ ಹಿಡಿದು ಮೆಟ್ಟಿಲಿನ ಬಳಿ ಬಂದ. ಬೆಳಗಿನಿಂದ ಕಾದು ಅವನಿಗೂ ಸಾಕಾಗಿತ್ತು.

"ಏನ್ರಿ ಸಾಹೇಬ್ರ, ಒಡೀಲೋ ಬ್ಯಾಡೋ?"

ಗುಡುಸಾಬ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಉತ್ತರ ಬಂತು.

"ಒಡಿ ಮಾಳು," ಎಂದಳು ನೂರಜಹಾನ, ಗಟ್ಟಿ ಗಾದಿಯ ತನ್ನ ಬದಿಗೆ ಸರಿದು ಕೂರುತ್ತ. "ಇನ್ನ ಅವರು ಮ್ಯಾಲ ಹೋಗಂಗಿಲ್ಲ."