ಸೊನ್ನೆಯಿಂದ ಎಣಿಸುವವನು

"ದಾರ ಸರಿಯಾಗಿ ಹಾಕಿದ್ರಾ?" ಅಂತ ಅವನು ಫೋನಿನಲ್ಲಿ ಕೇಳಿದ್ದೇ ತಡ, ಅವಳಿಗೆ ಮೂಗಿನ ತುದಿಗೆ ಸಿಟ್ಟು ಬಂತು. ಹದಿನಾಲ್ಕು ವರ್ಷದಿಂದ ಕಸೂತಿ ಹಾಕುತ್ತಿರುವವಳನ್ನು ಕೇಳುವ ಪ್ರಶ್ನೆಯೇ ಇದು?

ಕೋಟಿನ ಜೇಬಿಗೆಂದು ಕತ್ತರಿಸಿದ ಬಟ್ಟೆಯ ಮೇಲೆ ಮೆಷಿನ್ ಹೊಲಿದ ಹಕ್ಕಿಗೆ ಮೈಯಿತ್ತು, ರೆಕ್ಕೆಯಿತ್ತು, ಕೊಕ್ಕಿತ್ತು. ಕಣ್ಣು ಮಾತ್ರ ಇರಲಿಲ್ಲ.

ಅವನು ಮೆಷಿನ್ ಕಂಪನಿಯ ಇಂಜಿನಿಯರ್. ಮೊದಲೆಲ್ಲ ಡಿಸೈನ್ ಚೂರು ಬದಲಾದರೂ ಅವನೇ ಬಂದು ಪ್ರೋಗ್ರಾಂ ತಿದ್ದಬೇಕಿತ್ತು. ಈಗ ಮೆಷಿನ್ ಒಳಗೇ ಒಂದು ಪುಟ್ಟ ಸ್ಕ್ರಿಪ್ಟಿಂಗ್ ಭಾಷೆ ಕೂರಿಸಿದ್ದ. "ತುಂಬಾ ಸುಲಭ. ನೀವು ನಾಲ್ಕು ಸಾಲು ಬರೆದ್ರೆ ಮೆಷಿನ್ ಹೇಳಿದ ಹಾಗೆ ಕೇಳುತ್ತೆ. ಒಂದೇ ದಿನದಲ್ಲಿ ಕಲೀಬಹುದು," ಅಂದಿದ್ದ.

ಅದು ಐದು ವಾರದ ಹಿಂದಿನ ಮಾತು. ಮೊದಲ ವಾರ ಪರದೆಯ ಮೇಲೆ 'ನಮಸ್ಕಾರ' ಮೂಡಿಸುವುದನ್ನು ಕಲಿಸಿದ. ಎರಡನೇ ವಾರ ಬಣ್ಣಗಳ ಪಟ್ಟಿ. ಪ್ರತಿ ಸಲವೂ ಸ್ಟೂಲು ಎಳೆದುಕೊಂಡು ಕೂತು, ಪರದೆಗಿಂತ ಹೆಚ್ಚಾಗಿ ಅವಳ ಬೆರಳುಗಳನ್ನೇ ನೋಡುತ್ತಿದ್ದ. "ಒಂದು ದಿನದ ಪಾಠಕ್ಕೆ ಇನ್ನೆಷ್ಟು ದಿನ ಬೇಕಂತೆ?" ಎಂದು ಅಂಗಡಿ ನಡೆಸುವ ಚಿಕ್ಕಮ್ಮ ಅವಳ ಕಾಲೆಳೆಯುತ್ತಿದ್ದರು. ನಿನ್ನೆ, ಬಣ್ಣಗಳನ್ನು ಒಂದೊಂದಾಗಿ ಎತ್ತಿಕೊಳ್ಳುವ ಸಾಲುಗಳನ್ನು ಮಾದರಿಗೆಂದು ಆಫೀಸಿನಲ್ಲಿ ತಾನೇ ಬರೆದು ತಂದುಕೊಟ್ಟು ಹೋಗಿದ್ದ.

ಫೋನಿಟ್ಟು ಅವಳು ಆ ಸಾಲುಗಳನ್ನು ತೆರೆದಳು. ಬಣ್ಣ ನಾಲ್ಕು, ಅವನು ಸೊನ್ನೆಯಿಂದ ಮೂರರವರೆಗೆ ಎಣಿಸಿದ್ದ. ಪಟ್ಟಿಯಲ್ಲಿ ಒಂದನೆಯದು ಯಾವುದೆಂದು ಮೆಷಿನ್ನನ್ನೇ ಕೇಳಿದಳು, ಹಳದಿ ಎಂದಿತು. ಸೊನ್ನೆಯದು? ಏನೂ ಇಲ್ಲ. ಈ ಭಾಷೆ ಎಣಿಸುವುದು ಒಂದರಿಂದ. ಹಾಗಾಗಿ ನಾಲ್ಕನೆಯದಾದ, ಕಣ್ಣಿನ ಕಪ್ಪು ದಾರದ ಸರದಿ ಬಂದೇ ಇರಲಿಲ್ಲ. ಎರಡು ಅಂಕಿ ತಿದ್ದಿ, ಇನ್ನೊಂದು ಬಟ್ಟೆಯ ಮೇಲೆ ಹೊಲಿಸಿದಳು. ಈ ಹಕ್ಕಿ ಕಣ್ಣು ಬಿಟ್ಟಿತು.

ಹೆಮ್ಮೆಯಿಂದ ಬಟ್ಟೆಯನ್ನು ಬೆಳಕಿಗೆ ಹಿಡಿದಳು, ಮರುಕ್ಷಣವೇ ಇನ್ನೊಂದು ಹೊಳೆಯಿತು. ಇದನ್ನು ಹೇಳಿದರೆ ಅವನು ಇನ್ನು ಬರಬೇಕಾಗಿಯೇ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಬರುತ್ತಾನೆ. ಆದರೆ ಕಲಿತದ್ದನ್ನು ಬಚ್ಚಿಟ್ಟು ಒಬ್ಬನನ್ನು ಬರಮಾಡಿಕೊಳ್ಳುವುದು ಅವಳ ಜಾಯಮಾನವಲ್ಲ.

ಸಂಜೆ ಅವನು ಓಡೋಡಿ ಬಂದಾಗ ಎರಡೂ ಹಕ್ಕಿಗಳನ್ನು ಅವನ ಮುಂದಿಟ್ಟಳು.

"ದಾರ ಸರಿಯಾಗೇ ಇತ್ತು. ನೀವು ಸೊನ್ನೆಯಿಂದ ಎಣಿಸಿದ್ರಿ."

ಪರದೆ ನೋಡಿ ಅವನ ಕಿವಿ ಕೆಂಪಾಯಿತು. "ನಾನು ದಿನಾ ಬರೆಯೋ ಭಾಷೆ ಸೊನ್ನೆಯಿಂದ ಎಣಿಸುತ್ತೆ. ಕೈ ಅಭ್ಯಾಸ. ತಪ್ಪು ನನ್ನದೇ." ಆಮೇಲೆ ಒಳಗಿದ್ದ ಚಿಕ್ಕಮ್ಮನಿಗೆ ಕೇಳುವಂತೆ ದನಿ ಏರಿಸಿದ. "ಅಮ್ಮಾ, ನಮ್ಮ ಆಫೀಸಲ್ಲಿ ನಾಲ್ಕು ಜನ ನೋಡಿ ಪಾಸ್ ಮಾಡಿದ ಸಾಲು ಇದು. ತಪ್ಪು ಹಿಡಿದವರು ಇವರೊಬ್ಬರೇ."

ಅವನ ದನಿಯಲ್ಲಿದ್ದ ಹೆಮ್ಮೆ ಕೇಳಿ ಅವಳ ಸಿಟ್ಟೆಲ್ಲ ಕರಗಿತು.

"ಹಾಗಾದ್ರೆ ಪಾಠ ಮುಗೀತು," ಅಂದಳು, ತಲೆಯೆತ್ತದೆ.

"ಮುಗೀತು." ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಹೋದವನು ತಿರುಗಿ ನಿಂತ. "ನಾಳೆ ಬರಲಾ?"

"ಯಾವ ಮೆಷಿನ್ ಕೆಟ್ಟಿದೆ ಅಂತ?"

"ಯಾವುದೂ ಕೆಟ್ಟಿಲ್ಲ. ನಿಮ್ಮನ್ನ ನೋಡೋಕೆ. ಐದು ವಾರದಿಂದ ಬರ್ತಿದ್ದದ್ದೂ ಅದಕ್ಕೇ."

ಅವಳು ಕಣ್ಣಿಲ್ಲದ ಹಕ್ಕಿಯ ಬಟ್ಟೆಯನ್ನು ಮಡಚಿ ಅವನ ಕೈಗಿಟ್ಟಳು. "ಬನ್ನಿ. ಇದಕ್ಕೆ ಕೈಯಲ್ಲೇ ಕಣ್ಣು ಹೊಲಿಯೋದನ್ನ ನಾನು ಕಲಿಸ್ತೀನಿ."

"ಎಷ್ಟು ದಿನ ಬೇಕಾಗುತ್ತೆ?"

"ಒಂದೇ ದಿನದಲ್ಲಿ ಕಲೀಬಹುದು," ಅಂದಳು.

ಒಳಗೆ ಚಿಕ್ಕಮ್ಮ ನಕ್ಕದ್ದು ಬೀದಿಯವರೆಗೂ ಕೇಳಿಸಿತು.